ಗಾಲಿಗೆ ಕಲ್ಲು ಕೊಡೋ ತಮ್ಮಾ

ಕ್ಯಾರವಾನ್ ಅಂದಕೂಡಲೇ ನಮ್ಮ ಕಣ್ಣಿಗೆ ಬರೋದು ಯೂಟ್ಯೂಬ್ ವಿಡಿಯೋ. ಕಾರಿನ ಹಿಂದೆ ಬಿಳಿ ಡಬ್ಬದಂಥ ಗಾಡಿ, ಒಳಗೆ ಹಾಸಿಗೆ, ಗೇಣುದ್ದದ ಅಡುಗೆಮನೆ, ಹೊರಗೆ ಮಡಚೋ ಕುರ್ಚಿ, ಕೈಯಲ್ಲಿ ಕಾಫಿ. ನಮ್ಮ ಗದಗ ಸೀಮೆಯ ಕ್ಯಾರವಾನ್ ಚರಿತ್ರೆ ಬರೀರಿ ಅಂತ ಯಾರಾದರೂ ಕೇಳಿದರೆ ಮಾತ್ರ ನಾನು ಅಲ್ಲಿಂದ ಶುರು ಮಾಡೋದಿಲ್ಲ. ಸವದತ್ತಿ ಎಲ್ಲವ್ವನ ಜಾತ್ರೆಯಿಂದ ಶುರು ಮಾಡ್ತೀನಿ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹಳ್ಳಿಗಳಿಂದ ಚಕ್ಕಡಿಗಳು ಸಾಲುಗಟ್ಟಿ ಗುಡ್ಡಕ್ಕೆ ಹೊರಡುತ್ತಿದ್ದವು. ಆ ಗಾಡಿಯಲ್ಲಿ ಎಲ್ಲಾ ಇತ್ತು. ಬಿದಿರಿನ ಕಮಾನಿನ ಮೇಲೆ ತಟ್ಟು ಹೊದಿಸಿದ ಚಾವಣಿ. ಕೆಳಗೆ ಎತ್ತಿಗೆ ಬೇಕಾದ ಕಣಕಿಯನ್ನೇ ಹಾಸಿ ಅದರ ಮೇಲೆ ಕೌದಿ. ಬುಟ್ಟಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ಅಚ್ಚಿನ ಕೆಳಗೆ ತೂಗಾಡೋ ಕಂದೀಲು. ಕತ್ತಲಾದಲ್ಲಿ ಎತ್ತಿನ ಕೊಳ್ಳು ಹರಿದು, ಮೂರು ಕಲ್ಲಿಟ್ಟು ಒಲೆ ಹೂಡಿದರೆ ಅದೇ ಮನೆ. ಬಾಡಿಗೆ ಇಲ್ಲ, ಬುಕಿಂಗ್ ಇಲ್ಲ. ಒಲೆ ಹೂಡೋದಕ್ಕೂ ಮುಂಚೆ ಹಿರಿಯರು ಕೂಗುತ್ತಿದ್ದ ಮಾತು ಒಂದೇ: “ಗಾಲಿಗೆ ಕಲ್ಲು ಕೊಡೋ ತಮ್ಮಾ.”

ಆ ಕಲ್ಲು ಮತ್ತು ಆ ಕಂದೀಲು ಈ ಲೇಖನದ ವಿಷಯ. ಕಲ್ಲು ಅಂದರೆ ಬ್ರೇಕು. ಕಂದೀಲು ಅಂದರೆ ಇವತ್ತಿನ ಬ್ಯಾಟರಿ. ಒಂದು ಗಾಡಿ ಇನ್ನೊಂದನ್ನ ಎಳೆಯೋಕೆ ಶುರು ಮಾಡಿದ ದಿನದಿಂದ ಮನುಷ್ಯನ ಮುಂದೆ ಎರಡು ಪ್ರಶ್ನೆ ಇವೆ. ಎಳೆಸಿಕೊಳ್ಳೋ ಗಾಡಿಯನ್ನ ನಿಲ್ಲಿಸೋರು ಯಾರು? ಅದು ಅಲ್ಲಿದೆ ಅಂತ ಕತ್ತಲಲ್ಲಿ ಹಿಂದಿನವರಿಗೆ ತೋರಿಸೋರು ಯಾರು? ಈ ಎರಡು ಪ್ರಶ್ನೆಗಳಿಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳ ಕತೆ ನಮ್ಮೂರ ರಸ್ತೆ, ನಮ್ಮೂರ ರೈಲು, ನಮ್ಮೂರ ಟ್ರ್ಯಾಕ್ಟರ್‌ಗಳಲ್ಲೇ ಇದೆ.

ಮೊದಲು ಚಕ್ಕಡಿ. ಅದನ್ನ ನಿಲ್ಲಿಸುತ್ತಿದ್ದದ್ದು ಎತ್ತು. ಸಮತಟ್ಟಾದ ಎರೆಭೂಮಿಯಲ್ಲಿ ಇದೇನೂ ದೊಡ್ಡ ಮಾತಲ್ಲ, ಹಗ್ಗ ಜಗ್ಗಿದರೆ ಎತ್ತು ನಿಲ್ಲುತ್ತದೆ, ಗಾಡಿಯೂ ನಿಲ್ಲುತ್ತದೆ. ಇಳಿಜಾರು ಬಂದಾಗ ಕತೆ ಬೇರೆ. ಹಿಂದಿನ ಭಾರವೆಲ್ಲ ಮೂಕಿಯ ಮೂಲಕ ನೊಗಕ್ಕೆ ಬರುತ್ತದೆ, ನೊಗ ಎತ್ತಿನ ಹೆಗಲನ್ನು ಮುಂದಕ್ಕೆ ತಳ್ಳುತ್ತದೆ, ಎತ್ತು ಕಾಲೂರಿ ಹಿಂದಕ್ಕೆ ಒರಗಿ ತಡೀಬೇಕು. ಅಂದರೆ ಎಂಜಿನ್ನೂ ಅದೇ, ಬ್ರೇಕೂ ಅದೇ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯ ಬೆನ್ನು ಹತ್ತಿದಾಗ ಹಲವರಿಗೆ ಅದು ವಿಚಿತ್ರ ಅನ್ನಿಸಿತ್ತು. ಮ್ಯಾನೇಜ್‌ಮೆಂಟ್ ಕಲಿಸೋರಿಗೆ ನೊಗದ ಚಿಂತೆ ಯಾಕೆ? ಆದರೆ ದೇಶದ ಸರಕಿನ ಎಷ್ಟೋ ಪಾಲು ಆಗಲೂ ಆ ನೊಗದ ಮೇಲೇ ಓಡಾಡುತ್ತಿತ್ತು. ಎಳೆಯೋ ಪ್ರಾಣಿಯ ಮೈಗೆ ಭಾರ ಹೇಗೆ ಬೀಳುತ್ತದೆ ಅನ್ನೋದು ಅವರಿಗೆ ಎಂಜಿನಿಯರಿಂಗ್ ಪ್ರಶ್ನೆಯೂ ಹೌದು, ಕರುಣೆಯ ಪ್ರಶ್ನೆಯೂ ಹೌದು.

ನಮ್ಮ ಸೀಮೆಗೆ ಇಳಿಜಾರಿನ ಪರೀಕ್ಷೆ ಬಂದದ್ದು ಹತ್ತಿಯಿಂದ. 1840ರ ದಶಕದಲ್ಲಿ ಅಮೆರಿಕದ ಹತ್ತಿ ಬೀಜ ಗದಗ ಭಾಗದ ಹೊಲಗಳಲ್ಲಿ ಬೇರೂರಿತು, ಆಮೇಲೆ ಅದಕ್ಕೆ ‘ಧಾರವಾಡ ಅಮೆರಿಕನ್’ ಅಂತಲೇ ಹೆಸರಾಯಿತು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಂತಾದಾಗ ಇಲ್ಲಿನ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಹತ್ತಿ ಹೋಗಬೇಕಾದದ್ದು ಕುಮಟೆಯ ಬಂದರಿಗೆ, ಅಂದರೆ ಘಟ್ಟ ಇಳಿದು. ಗಾಡಿ ರಸ್ತೆ ಆಗೋ ತನಕ ಹೇರು ಹೊತ್ತ ಎತ್ತುಗಳ ಸಾಲೇ ಗತಿ. ಗಾಡಿ ರಸ್ತೆ ಆದ ಮೇಲೆ ಬ್ರೇಕಿನ ಪ್ರಶ್ನೆ ಹುಟ್ಟಿತು. ಗಾಲಿಗೆ ಹಗ್ಗ ಬಿಗಿದು ಅದು ತಿರುಗದ ಹಾಗೆ ಮಾಡೋದು, ಹಿಂದೆ ಮರದ ದಿಮ್ಮಿ ಕಟ್ಟಿ ನೆಲಕ್ಕೆ ಉಜ್ಜಿಸುತ್ತಾ ಇಳಿಸೋದು, ಇವೆಲ್ಲ ಘಟ್ಟ ಇಳಿಯೋ ಗಾಡಿಯವರಿಗೆ ಜಗತ್ತಿನ ಎಲ್ಲಾ ಕಡೆ ಗೊತ್ತಿದ್ದ ಉಪಾಯಗಳು. ಇದರ ಒಳಗಿನ ಬುದ್ಧಿ ಗಮನಿಸಿ: ಎಳೆಯೋ ಎತ್ತಿನ ಮೇಲೇ ಎಲ್ಲಾ ಭಾರ ಬಿಡಬೇಡ, ಎಳೆಸಿಕೊಳ್ಳೋ ಗಾಡಿಗೇ ಒಂದು ತಡೆ ಇಡು. ಮುಂದಿನ ಎಲ್ಲಾ ಕಾನೂನೂ ಈ ಒಂದೇ ಮಾತಿನ ವಿಸ್ತಾರ.

ಇನ್ನು ರೈಲು. 1876-78ರ ಭೀಕರ ಬರದ ನಂತರ, ಧಾನ್ಯ ಸಾಗಿಸೋಕೆ ಹಳಿ ಇದ್ದಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ ಅನ್ನೋ ವಾದದ ಮೇಲೆ ಹುಟ್ಟಿದ್ದು ಸದರ್ನ್ ಮರಾಠಾ ರೈಲ್ವೆ. 1884ರಲ್ಲಿ ಹೊಟಗಿಯಿಂದ ವಿಜಯಪುರದ ಮೇಲೆ ಗದಗಕ್ಕೆ ಮೀಟರ್ ಗೇಜ್ ಹಳಿ ಬಂತು. ಅದರ ಮರುವರ್ಷ, ಅಂದರೆ 1885ರಲ್ಲಿ, ಇಂಗ್ಲೆಂಡಿನಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅನ್ನೋ ನಿವೃತ್ತ ನೌಕಾ ವೈದ್ಯ ಬ್ರಿಸ್ಟಲ್‌ನ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಅನ್ನೋ ಗಾಡಿ ಮಾಡಿಸಿಕೊಂಡು ಊರೂರು ತಿರುಗಲು ಹೊರಟ. ಬರೀ ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಅಂತ ಅದನ್ನ ಕರೀತಾರೆ. ಸುಮಾರು ಎರಡು ಟನ್ ಭಾರ, ಎಳೆಯೋಕೆ ಎರಡು ಕುದುರೆ, ಎದುರು ಬರೋರಿಗೆ ಎಚ್ಚರಿಕೆ ಕೊಡೋಕೆ ಮುಂದೆ ಮೂರು ಗಾಲಿ ಸೈಕಲ್ ಮೇಲೆ ಒಬ್ಬ ಆಳು. ಎಲ್ಲವ್ವನ ಜಾತ್ರೆಯ ಚಕ್ಕಡಿಗೆ ಆ ಹೊತ್ತಿಗೆ ಎಷ್ಟು ತಲೆಮಾರು ಕಳೆದಿದ್ದವೋ! ಅದಿರಲಿ. ನನಗೆ ಮುಖ್ಯ ಅನ್ನಿಸೋದು ಆಮೇಲೆ ನಾಲ್ಕು ವರ್ಷಕ್ಕೆ ಐರ್ಲೆಂಡಿನಲ್ಲಿ ಆದ ಒಂದು ಘಟನೆ.

1889ರ ಜೂನ್ 12. ಆರ್ಮಾ ಅನ್ನೋ ಊರಿನಿಂದ ಭಾನುವಾರದ ಶಾಲೆಯ ಮಕ್ಕಳು, ಅವರ ಮನೆಯವರು ಸಮುದ್ರತೀರಕ್ಕೆ ಪ್ರವಾಸ ಹೊರಟಿದ್ದರು. ರೈಲು ತುಂಬಿ ತುಳುಕುತ್ತಿತ್ತು. ಏರು ಹತ್ತುವಾಗ ಎಂಜಿನ್ ಸೋತು ನಿಂತಿತು. ಸಿಬ್ಬಂದಿ ಒಂದು ಉಪಾಯ ಮಾಡಿದರು: ರೈಲನ್ನು ಎರಡು ಭಾಗ ಮಾಡಿ, ಮುಂದಿನ ಕೆಲವು ಡಬ್ಬಿಗಳನ್ನು ಮೊದಲು ಮೇಲಕ್ಕೆ ಒಯ್ಯೋಣ, ಹಿಂದಿನ ಹತ್ತು ಡಬ್ಬಿ ಇಲ್ಲೇ ನಿಂತಿರಲಿ. ಆ ರೈಲಿನ ವ್ಯಾಕ್ಯೂಮ್ ಬ್ರೇಕ್ ಕೆಲಸ ಮಾಡಬೇಕಾದರೆ ಎಂಜಿನ್ ಜೊತೆ ಪೈಪು ಕೂಡಿರಬೇಕಿತ್ತು. ಬಿಚ್ಚಿದ ಕೂಡಲೇ ಹಿಂದಿನ ಡಬ್ಬಿಗಳಿಗೆ ಆ ಬ್ರೇಕ್ ಇಲ್ಲ. ಉಳಿದದ್ದು ಗಾರ್ಡ್ ಡಬ್ಬಿಯ ಕೈಬ್ರೇಕು ಒಂದೇ. ಅದಕ್ಕೆ ಜೊತೆಯಾಗಿ ಗಾಲಿಗಳಿಗೆ ಕಲ್ಲು ಕೊಟ್ಟರು. ಹೌದು, ನಮ್ಮ ಜಾತ್ರೆಯ ಅದೇ ಕಲ್ಲು. ಮುಂದಿನ ಭಾಗ ಹೊರಡುವಾಗ ಒಂದಿಷ್ಟು ಹಿಂದೆ ಸರಿದು ತಾಗಿತು. ಕಲ್ಲು ಪುಡಿಯಾಯಿತು. ಹತ್ತು ಡಬ್ಬಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಕೆಳಗಿನಿಂದ ಅದೇ ಹಳಿಯ ಮೇಲೆ ಬರುತ್ತಿದ್ದ ಇನ್ನೊಂದು ರೈಲಿಗೆ ಬಡಿದವು. 80 ಜನ ಸತ್ತರು. ಅದರಲ್ಲಿ ಮಕ್ಕಳು ಬಹಳ.

ಅದೇ ವರ್ಷ ಮುಗಿಯೋದರೊಳಗೆ ಬ್ರಿಟಿಷ್ ಪಾರ್ಲಿಮೆಂಟ್ ಕಾನೂನು ಮಾಡಿತು. ಪ್ರಯಾಣಿಕರ ರೈಲಿನ ಪ್ರತಿ ಡಬ್ಬಿಗೂ ಬ್ರೇಕ್ ಇರಬೇಕು, ಮತ್ತು ಆ ಬ್ರೇಕು ಎಂಜಿನ್‌ನಿಂದ ಡಬ್ಬಿ ಕಳಚಿಕೊಂಡರೆ ತಾನೇ ಹಿಡಿಯಬೇಕು. ಅದುವರೆಗೆ ಕಂಪನಿಗಳು ಖರ್ಚಿನ ನೆಪ ಹೇಳಿ ಮುಂದೂಡುತ್ತಾ ಬಂದಿದ್ದವು. ತಂತ್ರಜ್ಞಾನ ಇರಲಿಲ್ಲ ಅಂತಲ್ಲ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲೇ ತಾನಾಗಿ ಹಿಡಿಯೋ ಏರ್ ಬ್ರೇಕ್ ಮಾಡಿ ತೋರಿಸಿದ್ದ.

ನಮ್ಮ ಮೀಟರ್ ಗೇಜ್ ರೈಲುಗಳು ದಶಕಗಟ್ಟಲೆ ಓಡಿದ್ದು ಇಂಥ ತಾನಾಗಿ ಹಿಡಿಯೋ ವ್ಯಾಕ್ಯೂಮ್ ಬ್ರೇಕಿನ ಮೇಲೆ. ಅದರ ತತ್ವ ಬಹಳ ಸರಳ. ಎಂಜಿನ್‌ನಿಂದ ಕೊನೆಯ ಡಬ್ಬಿಯ ತನಕ ಒಂದು ಪೈಪು. ಎಂಜಿನ್ ಆ ಪೈಪಿನಿಂದ ಗಾಳಿ ಹೀರಿ ತೆಗೆಯುತ್ತದೆ. ಒಳಗೆ ಗಾಳಿ ಇಲ್ಲದಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತದೆ. ಪೈಪು ಹರಿದರೆ, ಡಬ್ಬಿ ಕಳಚಿದರೆ, ಯಾರಾದರೂ ಚೈನು ಎಳೆದರೆ, ಗಾಳಿ ಒಳಗೆ ನುಗ್ಗಿ ಎಲ್ಲಾ ಡಬ್ಬಿಗಳ ಬ್ರೇಕೂ ಹಿಡಿಯುತ್ತದೆ. ಅಂದರೆ ಇಲ್ಲಿ ಬ್ರೇಕ್ ಹಾಕೋಕೆ ಎಂಜಿನ್ನಿನ ಶಕ್ತಿ ಬೇಕಿಲ್ಲ, ಬಿಡಿಸೋಕೆ ಬೇಕು. ಏನಾದರೂ ಕೆಟ್ಟರೆ ಗಾಡಿ ಓಡೋದಲ್ಲ, ನಿಲ್ಲುತ್ತದೆ. ಸಾಫ್ಟ್‌ವೇರಿನಲ್ಲಿರೋ ಗೆಳೆಯರು ಫೇಲ್‌ಸೇಫ್ ಅನ್ನೋ ಪದ ದಿನಕ್ಕೆ ಹತ್ತು ಸಲ ಬಳಸ್ತಾರೆ. ಗದಗ ಸ್ಟೇಷನ್ನಿನಲ್ಲಿ ಅದು ಚಹಾ ಕುಡಿಯೋ ಹೊತ್ತಿಗೆಲ್ಲ ಬಂದು ಹೋಗುತ್ತಿತ್ತು.

ಕಂದೀಲಿನ ಪ್ರಶ್ನೆಗೂ ರೈಲಿನ ಉತ್ತರ ಇತ್ತು. ಡಬ್ಬಿಯ ಅಚ್ಚಿಗೆ ಬೆಲ್ಟು, ಬೆಲ್ಟಿಗೆ ಡೈನಮೊ, ಅದರ ಪಕ್ಕ ಬ್ಯಾಟರಿ ಪೆಟ್ಟಿಗೆ. ಓಡುವಾಗ ಡೈನಮೊ ದೀಪ ಉರಿಸಿ ಬ್ಯಾಟರಿ ತುಂಬಿಸುತ್ತದೆ, ನಿಂತಾಗ ಬ್ಯಾಟರಿ ದೀಪ ಉರಿಸುತ್ತದೆ. ಎಳೆಸಿಕೊಳ್ಳೋ ಡಬ್ಬಿ ತನ್ನ ಬೆಳಕಿಗೆ ಎಂಜಿನ್ನಿನ ಮುಖ ನೋಡಬೇಕಾಗಿಲ್ಲ. ಕೊನೆಯ ಡಬ್ಬಿಯ ಹಿಂದೆ ಕೆಂಪು ದೀಪ, ‘ಎಲ್‌ವಿ’ ಅನ್ನೋ ಹಲಗೆ. ಅದು ಕಂಡರೆ ರೈಲು ಪೂರ್ತಿ ಬಂತು ಅಂತ ಸ್ಟೇಷನ್ ಮಾಸ್ತರರಿಗೆ ಖಾತ್ರಿ. ಕಾಣದಿದ್ದರೆ ಹಿಂದೆ ಎಲ್ಲೋ ಒಂದು ಡಬ್ಬಿ ಬಿಟ್ಟುಬಂದಿದೆ, ಆ ಹಳಿಯ ಮೇಲೆ ಇನ್ನೊಂದು ರೈಲು ಬಿಡಬಾರದು ಅಂತ ಅರ್ಥ.

ಹಳಿಯ ಮೇಲೆ ಇಷ್ಟೆಲ್ಲ ಶಿಸ್ತು ಬಂದರೂ ರಸ್ತೆಗೆ ಇಳಿದರೆ ಚಿತ್ರ ಬೇರೆ. ಆ ಕಾಲದಲ್ಲಿ ನಮ್ಮ ಸೀಮೆಯ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ರಾಜ್ಯವೇ ಬದಲಾಗುತ್ತಿತ್ತು. ಗದಗ-ಬೆಟಗೇರಿ ಮುಂಬೈ ಪ್ರಾಂತ್ಯದಲ್ಲಿ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ. ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದಲ್ಲಿ. ಪೂರ್ವಕ್ಕೆ ಹೊರಟು ಕೊಪ್ಪಳ ಮುಟ್ಟಿದರೆ ಅದು ನಿಜಾಮನ ಸೀಮೆ. ಭಾರತದ ಮೊದಲ ಮೋಟಾರು ವಾಹನ ಕಾಯ್ದೆ 1914ರದು, ಅದರ ಜಾಗಕ್ಕೆ ಬಂದದ್ದು 1939ರದು. ಎರಡೂ ಬ್ರಿಟಿಷ್ ಇಂಡಿಯಾದ ಕಾಯ್ದೆಗಳು. ಸಂಸ್ಥಾನದ ಗಡಿ ದಾಟಿದರೆ ಅವರವರ ದರ್ಬಾರು. 1948ರಲ್ಲಿ ಸಾಂಗ್ಲಿ, ಮೀರಜ್ ಮುಂಬೈ ರಾಜ್ಯದಲ್ಲಿ ವಿಲೀನವಾಗಿ, 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದ ಮೇಲಷ್ಟೇ ಈ ನಾಲ್ಕೂ ಊರುಗಳ ರಸ್ತೆಗೆ ಒಂದೇ ಕಾನೂನು. 1997ರಲ್ಲಿ ಗದಗ ಜಿಲ್ಲೆ ಆಗಿ ನಂಬರ್ ಪ್ಲೇಟಿಗೆ ಕೆಎ 26 ಬಂದದ್ದು ಇತ್ತೀಚಿನ ಮಾತು.

ಈಗಿರುವ ಕಾಯ್ದೆ 1988ರದು, ಜಾರಿಗೆ ಬಂದದ್ದು 1989ರ ಜುಲೈ 1ರಿಂದ. ಅದರ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನ. ಅದಕ್ಕೆ ಎಂಜಿನ್ ಇಲ್ಲದಿದ್ದರೂ! ಹಾಗಾಗಿ ಅದಕ್ಕೂ ಪ್ರತ್ಯೇಕ ನೋಂದಣಿ ಬೇಕು. ಎಳೆಯೋ ಗಾಡಿಯ ನಂಬರನ್ನು ಟ್ರೇಲರ್ ಮೇಲೆ, ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯ ಟ್ರೇಲರ್ ಮೇಲೆ ಹಾಕಬೇಕು ಅಂತ 61ನೇ ಕಲಂ ಹೇಳುತ್ತದೆ. ಇದನ್ನ ಓದಿದಾಗ ನನಗೆ ರೈಲಿನ ಎಲ್‌ವಿ ಹಲಗೆ ನೆನಪಾಗುತ್ತದೆ. ಕೆಟ್ಟು ನಿಂತ ಗಾಡಿಯನ್ನ ಎಳೆದೊಯ್ಯೋದಕ್ಕೂ 1989ರ ರಸ್ತೆ ನಿಯಮಗಳು ಲೆಕ್ಕ ಕೊಟ್ಟವು: ಎರಡು ಗಾಡಿಗಳ ನಡುವಿನ ಅಂತರ 5 ಮೀಟರ್ ಮೀರಬಾರದು, ವೇಗ ಗಂಟೆಗೆ 24 ಕಿಲೋಮೀಟರ್ ದಾಟಬಾರದು, ಹಿಂದಿನ ಗಾಡಿಯ ಬೆನ್ನ ಮೇಲೆ ‘ಆನ್ ಟೋ’ ಅಂತ ಕನಿಷ್ಠ 75 ಮಿಲಿಮೀಟರ್ ಎತ್ತರದ ಅಕ್ಷರ ಇರಬೇಕು, ಎಳೆಸಿಕೊಳ್ಳೋ ಗಾಡಿಯ ಸ್ಟಿಯರಿಂಗ್ ಹಿಂದೆ ಲೈಸೆನ್ಸ್ ಇರೋರು ಕೂತಿರಬೇಕು. ಯಾಕೆ ಕೂರಬೇಕು? ಬ್ರೇಕ್ ಹಾಕೋಕೆ.

ಹಲವು ರಾಜ್ಯಗಳ ಮೋಟಾರು ನಿಯಮಗಳಲ್ಲಿ ಇನ್ನೂ ಸೊಗಸಾದ ಒಂದು ಮಾತು ಇದೆ. ಮುಂದಿನ ಡ್ರೈವರ್‌ಗೆ ಟ್ರೇಲರಿನ ಬ್ರೇಕ್ ನಿಲುಕದಿದ್ದರೆ, ಅದನ್ನ ಹಾಕಬಲ್ಲ ಒಬ್ಬ ಆಳು ಟ್ರೇಲರ್ ಮೇಲೇ ಇರಬೇಕು. ಕೊನೆಯ ಟ್ರೇಲರಿನ ಹಿಂಭಾಗದಲ್ಲಿ ಇನ್ನೊಬ್ಬ ಕೂತು ಹಿಂದಿನ ರಸ್ತೆ ನೋಡುತ್ತಾ, ದಾಟಿ ಹೋಗೋರಿಗೆ ಸನ್ನೆ ಮಾಡಬೇಕು. ಇದು ಅಪ್ಪಟ ರೈಲಿನ ಗಾರ್ಡ್ ಕೆಲಸ. ಕಾನೂನು ಬರೆದವರ ತಲೆಯಲ್ಲಿ ಇದ್ದದ್ದು ರಸ್ತೆಯ ಮೇಲೆ ಓಡೋ ಒಂದು ಸಣ್ಣ ರೈಲು.

ಆದರೆ ಬ್ರೇಕಿನ ವಿಷಯದಲ್ಲಿ ಒಂದು ದೊಡ್ಡ ತೂತು ಉಳಿಯಿತು. ಪ್ರತಿ ಮೋಟಾರು ವಾಹನಕ್ಕೂ ಎರಡು ಪ್ರತ್ಯೇಕ ಬ್ರೇಕ್ ವ್ಯವಸ್ಥೆ ಇರಬೇಕು ಅಂತ ಹೇಳುವ 1989ರ ಕೇಂದ್ರ ನಿಯಮಗಳ 96ನೇ ನಿಯಮ, ಆ ಮೊದಲ ವಾಕ್ಯದಲ್ಲೇ ಕೆಲವನ್ನು ಹೊರಗಿಟ್ಟಿತು. ಮೋಟಾರ್‌ಸೈಕಲ್, ರೋಡ್ ರೋಲರ್, ಅವುಗಳ ಜೊತೆ ಟ್ರೇಲರ್. ಲಾರಿಯ ಹಿಂದೆ ಬರೋ ದೊಡ್ಡ ಟ್ರೇಲರ್‌ಗಳಿಗೆ ಏರ್ ಬ್ರೇಕ್ ಬಂತು. ಕಪ್ಪತಗುಡ್ಡದ ಗಾಳಿಯಂತ್ರಕ್ಕೆ ರೆಕ್ಕೆ ಹೊತ್ತು ತಂದ ಆ ಉದ್ದುದ್ದ ಗಾಡಿಗಳನ್ನ ನೋಡಿರಬಹುದು. ಅವುಗಳ ಅಚ್ಚು ಅಚ್ಚಿಗೂ ಬ್ರೇಕ್, ಗಾಳಿ ಸೋರಿದರೆ ತಾನೇ ಹಿಡಿಯುತ್ತದೆ. ಅದೇ ರಸ್ತೆಯಲ್ಲಿ ಅದರ ಹಿಂದೆಯೇ ಬರೋ ಟ್ರ್ಯಾಕ್ಟರಿನ ಟ್ರೇಲರಿಗೆ ಮಾತ್ರ ಬಹಳ ಸಲ ಯಾವ ಬ್ರೇಕೂ ಇರೋದಿಲ್ಲ.

ಟ್ರ್ಯಾಕ್ಟರನ್ನ ಹತ್ತಿರದಿಂದ ನೋಡದವರಿಗೆ ಒಂದು ವಿಷಯ ಹೇಳಬೇಕು. ಸಾಮಾನ್ಯ ಟ್ರ್ಯಾಕ್ಟರಿಗೆ ಬ್ರೇಕ್ ಇರೋದು ಹಿಂದಿನ ಎರಡು ಗಾಲಿಗೆ ಮಾತ್ರ, ಎಡ ಬಲಕ್ಕೆ ಬೇರೆ ಬೇರೆ ಪೆಡಲ್. ಹೊಲದಲ್ಲಿ ಗಿರಕ್ಕನೆ ತಿರುಗೋಕೆ ಅದು ಅನುಕೂಲ. ರಸ್ತೆಗೆ ಬಂದಾಗ ಎರಡೂ ಪೆಡಲನ್ನ ಸೇರಿಸುವ ಕೊಂಡಿ ಹಾಕಿಕೊಳ್ಳಬೇಕು. ಹಾಕದೆ ಗಾಬರಿಯಲ್ಲಿ ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಒಂದು ಕಡೆ ತಿರುಗುತ್ತದೆ, ಹಿಂದಿನ ಟ್ರೇಲರ್ ನೇರ ತಳ್ಳುತ್ತದೆ, ಎರಡೂ ಕತ್ತರಿಯ ಹಾಗೆ ಮಡಚಿಕೊಳ್ಳುತ್ತವೆ. ಎರಡು ಟನ್ನಿನ ಟ್ರ್ಯಾಕ್ಟರ್ ಹಿಂದೆ ಎಂಟು ಟನ್ ಕಬ್ಬು ಅಂತ ಇಟ್ಟುಕೊಳ್ಳಿ. ಎರಡು ಟನ್ನಿಗೆಂದು ಮಾಡಿದ ಬ್ರೇಕು ಹತ್ತು ಟನ್ನನ್ನು ನಿಲ್ಲಿಸಬೇಕು. ಜೊತೆಗೆ ವೇಗದ ಲೆಕ್ಕ. 24 ಕಿಲೋಮೀಟರ್ ವೇಗದಲ್ಲಿರೋ ಗಾಡಿಗಿಂತ 40ರಲ್ಲಿರೋ ಅದೇ ಗಾಡಿಯಲ್ಲಿ ತಡೀಬೇಕಾದ ಶಕ್ತಿ ಹತ್ತಿರ ಹತ್ತಿರ ಮೂರು ಪಟ್ಟು. ಚಕ್ಕಡಿಯ ಎತ್ತು ಇಳಿಜಾರಿನಲ್ಲಿ ಪಡುತ್ತಿದ್ದ ಪಾಡನ್ನೇ ಈಗ ಟ್ರ್ಯಾಕ್ಟರ್ ಪಡುತ್ತಿದೆ, ಅಷ್ಟೇ.

ಬೆಳಕಿನ ಕತೆಯೂ ಹಾಗೇ. ಟ್ರೇಲರಿನ ಹಿಂದೀಪ ಉರಿಯಬೇಕಾದರೆ ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ ಒಂದು ವಯರು ಹಿಂದಕ್ಕೆ ಹೋಗಬೇಕು. ಹೊಲದ ಕಲ್ಲು ಮುಳ್ಳಿನಲ್ಲಿ ಅದು ಹರಿದರೆ ಮತ್ತೆ ಜೋಡಿಸೋರು ಕಡಿಮೆ. ಸಿಂಗಟಾಲೂರು ಏತ ನೀರಾವರಿ, ತುಂಗಭದ್ರೆಯ ದಂಡೆ, ಮುಂಡರಗಿ ಕಡೆಯ ಕಬ್ಬು. ಹಂಗಾಮಿನ ರಾತ್ರಿಯಲ್ಲಿ ಜೋಡಿ ಟ್ರೇಲರ್ ತುಂಬಿ, ಅಗಲಕ್ಕೆ ಚಾಚಿಕೊಂಡ ಕಬ್ಬಿನ ಹೊರೆ ದೀಪವಿಲ್ಲದೆ ಹೋಗುತ್ತಿದ್ದರೆ, ಹಿಂದಿನಿಂದ ಬೈಕಿನಲ್ಲಿ ಬರೋ ಹುಡುಗನಿಗೆ ಅದು ಕಾಣೋದು ತೀರಾ ಹತ್ತಿರ ಬಂದಾಗ. ಎದುರಿಗೆ ಬರೋ ಗಾಡಿಯ ಬೆಳಕು ಕಣ್ಣಿಗೆ ಹೊಡೆದರಂತೂ ಕಾಣೋದೇ ಇಲ್ಲ. ಜಾತ್ರೆಗೆ ಹೋಗೋ ಅಜ್ಜ ಅಚ್ಚಿನ ಕೆಳಗೆ ಕಟ್ಟುತ್ತಿದ್ದ ಕಂದೀಲು ಇದಕ್ಕಿಂತ ಎಷ್ಟೋ ಮೇಲು. ಐವತ್ತು ರೂಪಾಯಿ ಆಸುಪಾಸಿನ ಕೆಂಪು ಪ್ರತಿಫಲಕ ಪಟ್ಟಿಯಾದರೂ ಇದ್ದರೆ ಒಂದು ಜೀವ ಉಳಿದೀತು.

ಇದೇ ಟ್ರೇಲರಿನಲ್ಲಿ ಈಗ ನಮ್ಮ ಜಾತ್ರೆಗಳು ಹೋಗುತ್ತವೆ. ಮೇಲೆ ತಾಡಪಾಲು, ಒಳಗೆ ಮನೆಮಂದಿ, ಒಂದು ಮೂಲೆಯಲ್ಲಿ ಬ್ಯಾಟರಿ, ಇನ್ವರ್ಟರ್, ಧ್ವನಿಪೆಟ್ಟಿಗೆ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮುಚ್ಚಿದ ಜಾಗದಲ್ಲಿ ಅದು ತುಂಬಿಕೊಂಡು, ಸಡಿಲಾದ ಕೊಂಡಿಯಿಂದ ಒಂದು ಕಿಡಿ ಹಾರಿದರೆ ಸಾಕು. ಅದೇ ತಾಡಪಾಲಿನ ಕೆಳಗೆ ಕಣಕಿ, ಪಕ್ಕದಲ್ಲಿ ಗ್ಯಾಸ್ ಒಲೆ, ಮೇಲೆ ಮಕ್ಕಳು. ಇದು ಕ್ಯಾರವಾನೇ ಅಲ್ವಾ? ಬೇರೆ ಹೆಸರಿಲ್ಲ ಅಷ್ಟೇ.

ಹೊರದೇಶದವರು ಕ್ಯಾರವಾನಿಗೆ ಮಾಡಿಕೊಂಡ ನಿಯಮಗಳನ್ನ ನೋಡಿ, ಅವೆಲ್ಲ ಆರ್ಮಾದ ಪಾಠದ ಮಕ್ಕಳು. ಬ್ರಿಟನ್ನಿನಲ್ಲಿ 750 ಕಿಲೋಗಿಂತ ಭಾರದ ಟ್ರೇಲರಿಗೆ ತನ್ನದೇ ಬ್ರೇಕ್ ಕಡ್ಡಾಯ. ಅಲ್ಲಿ ಹೆಚ್ಚಾಗಿ ಬಳಸೋದು ಓವರ್‌ರನ್ ಬ್ರೇಕ್. ಮುಂದಿನ ಕಾರು ನಿಧಾನ ಮಾಡಿದಾಗ ಹಿಂದಿನ ಕ್ಯಾರವಾನ್ ಅದನ್ನ ತಳ್ಳುತ್ತದಲ್ಲ, ಆ ತಳ್ಳೋ ಒತ್ತಡವೇ ಕ್ಯಾರವಾನಿನ ಬ್ರೇಕನ್ನು ಎಳೆಯುತ್ತದೆ. ನೊಗದ ಮೇಲೆ ಬೀಳೋ ತಳ್ಳು ಎತ್ತಿನ ಹೆಗಲಿಗೆ ಹೋಗೋ ಬದಲು ಗಾಲಿಗೆ ಹೋದ ಹಾಗೆ. ಅದರ ಜೊತೆ ಒಂದು ಉಕ್ಕಿನ ತಂತಿ. ಕೊಂಡಿ ಕಳಚಿದರೆ ತಂತಿ ಬಿಗಿದು ಕೈಬ್ರೇಕನ್ನು ಎಳೆದು, ಆಮೇಲೆ ತಾನು ಹರಿದುಹೋಗುತ್ತದೆ.

ಅಮೆರಿಕದ ಕಡೆ ಕ್ಯಾರವಾನಿಗೆ ವಿದ್ಯುತ್ ಬ್ರೇಕ್ ಹೆಚ್ಚು. ಡ್ರಮ್ಮಿನೊಳಗೆ ವಿದ್ಯುತ್ಕಾಂತ, ಅದಕ್ಕೆ ಕರೆಂಟು ಮುಂದಿನ ಗಾಡಿಯಿಂದ. ಕಳಚಿಕೊಂಡರೆ ಕರೆಂಟೂ ಹೋಯಿತಲ್ಲ! ಅದಕ್ಕೇ ಟ್ರೇಲರಿನಲ್ಲೇ ಒಂದು ಪುಟ್ಟ ಬ್ಯಾಟರಿ. ಕಳಚಿದ ಕ್ಷಣ ಒಂದು ಪಿನ್ನು ಹೊರಬಂದು ಆ ಬ್ಯಾಟರಿಯಿಂದ ಬ್ರೇಕ್ ಹಿಡಿಯುತ್ತದೆ. ವಾಣಿಜ್ಯ ವಾಹನಗಳ ಮೇಲಿನ ಅಲ್ಲಿನ ಕೇಂದ್ರ ನಿಯಮದ ಪ್ರಕಾರ ಹೀಗೆ ಹಿಡಿದ ಬ್ರೇಕು ಕನಿಷ್ಠ 15 ನಿಮಿಷ ಬಿಡಬಾರದು. ಬ್ಯಾಟರಿ ಮತ್ತು ಬ್ರೇಕು ಒಂದೇ ವಿಷಯ ಆಗೋದು ಇಲ್ಲೇ. ರೈಲಿನ ವ್ಯಾಕ್ಯೂಮ್ ಬ್ರೇಕಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ, ಅದು ಅಪಾಯದ ವ್ಯತ್ಯಾಸ. ರೈಲಿನಲ್ಲಿ ಶಕ್ತಿ ಹೋದರೆ ಬ್ರೇಕ್ ಹಿಡಿಯುತ್ತದೆ. ಇಲ್ಲಿ ಆ ಪುಟ್ಟ ಬ್ಯಾಟರಿ ಸತ್ತಿದ್ದರೆ ಬ್ರೇಕೂ ಇಲ್ಲ. ಅದು ಸತ್ತಿದೆ ಅಂತ ಗೊತ್ತಾಗೋದು ಕೊಂಡಿ ಕಳಚಿದ ಮೇಲೆ.

ಕರ್ನಾಟಕದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಅನ್ನೋ ಪದ ಈಗ ಬಂದಿದೆ. ನಮ್ಮಲ್ಲಿ ಹೆಚ್ಚಿನವು ಎಂಜಿನ್ ಇರೋ ವ್ಯಾನಿನೊಳಗೇ ಮನೆ ಮಾಡಿದವು. ಎಳೆದೊಯ್ಯೋ ಕ್ಯಾಂಪರ್ ಟ್ರೇಲರ್‌ಗಳೂ ಅಲ್ಲೊಂದು ಇಲ್ಲೊಂದು ಕಾಣ್ತಿವೆ. ವಾರಾಂತ್ಯಕ್ಕೆ ಬಾಡಿಗೆ ಹಿಡಿದು ಕಪ್ಪತಗುಡ್ಡದ ಬುಡಕ್ಕೋ, ಮಾಗಡಿ ಕೆರೆಯ ಹಕ್ಕಿ ನೋಡೋಕೋ, ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಗೋ ಬರೋ ಆಸೆ ಇದ್ದರೆ ಬನ್ನಿ, ಸಂತೋಷ. ಬರೋ ಮುಂಚೆ ಕೆಲವನ್ನು ಕೈಯಿಂದ ಮುಟ್ಟಿ ನೋಡಿ. ಟ್ರೇಲರಿಗೆ ನೋಂದಣಿ, ವಿಮೆ ಬೇರೆಯಾಗಿ ಇದೆಯಾ. ಬ್ರೇಕ್ ತಂತಿಯನ್ನು ಅದಕ್ಕೆಂದೇ ಇರುವ ಜಾಗಕ್ಕೆ ಸಿಕ್ಕಿಸಿದ್ದೀರಾ, ಅಥವಾ ಕೊಂಡಿಯ ಗುಂಡಿಗೇ ಸುಮ್ಮನೆ ಸುತ್ತಿದ್ದೀರಾ. ವಿದ್ಯುತ್ ಬ್ರೇಕಾದರೆ ನಿಂತಿರುವಾಗ ಪಿನ್ ಎಳೆದು ಗಾಲಿ ಹಿಡಿಯುತ್ತದಾ ಅಂತ ನೋಡಿ. ಮನೆಯ ದೀಪ, ಫ್ರಿಜ್ಜಿನ ಬ್ಯಾಟರಿ ಅಲುಗಾಡದಂತೆ ಬಿಗಿದಿದೆಯಾ, ಪ್ಲಸ್ ಕೊಂಡಿಯ ಹತ್ತಿರವೇ ಫ್ಯೂಸ್ ಇದೆಯಾ, ಸೀಸದ್ದಾದರೆ ಗಾಳಿ ಹೊರಹೋಗೋ ದಾರಿ ಇದೆಯಾ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಲಿಥಿಯಂ ಬ್ಯಾಟರಿಗೆ ಅದರದೇ ಚಾರ್ಜರ್. ಓಡುವ ಟ್ರೇಲರಿನ ಒಳಗೆ ಯಾರೂ ಕೂರೋದು ಬೇಡ, ಎಸಿ ಎಷ್ಟೇ ತಂಪಾಗಿರಲಿ.

ಈ ಕೊನೆಯ ಮಾತಿಗೆ ಕಾನೂನಿನ ಬೆನ್ನೆಲುಬೂ ಇದೆ. ಸರಕು ವಾಹನದಲ್ಲಿ ಬಿಟ್ಟಿ ಪ್ರಯಾಣ ಮಾಡೋರ ಸಾವಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ 2002ರ ಕೊನೆಯಲ್ಲೇ ಹೇಳಿತ್ತು. 2007ರಲ್ಲಿ ಇನ್ನೊಂದು ಮೊಕದ್ದಮೆ ಬಂತು. ಇಟ್ಟಿಗೆ ಭಟ್ಟಿಗೆ ಮಣ್ಣು ಒಯ್ಯೋ ಟ್ರ್ಯಾಕ್ಟರ್ ಟ್ರಾಲಿಯಿಂದ ಬಿದ್ದು ಗಾಯಗೊಂಡ ಒಬ್ಬ ಬಡ ಕೂಲಿಕಾರನದು. ವಿಮೆ ಇದ್ದದ್ದು ಟ್ರ್ಯಾಕ್ಟರಿಗೆ, ಅದೂ ಕೃಷಿ ಕೆಲಸಕ್ಕೆ ಮಾತ್ರ. ಟ್ರಾಲಿಗೆ ಇರಲಿಲ್ಲ. ಕಾನೂನಿನ ಲೆಕ್ಕದಲ್ಲಿ ಕಂಪನಿಯ ಹೊಣೆ ಇಲ್ಲ ಅಂತಲೇ ಕೋರ್ಟ್ ಹೇಳಿತು. ಆದರೆ ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರ ಬಳಸಿ, ಕಂಪನಿ ಮೊದಲು ಅವನಿಗೆ ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂದಿತು. ಪ್ರತಿ ಕೂಲಿಕಾರನೂ ದಿಲ್ಲಿಯ ತನಕ ಹೋಗಿ ಆ ವಿಶೇಷಾಧಿಕಾರ ಕೇಳಬಲ್ಲನಾ?

ಮೆಣಸಿನಕಾಯಿ ಬಿಡಿಸೋಕೆ, ಉಳ್ಳಾಗಡ್ಡಿ ಕೀಳೋಕೆ ಬೆಳಿಗ್ಗೆ ಟ್ರೇಲರ್ ಹತ್ತೋ ಹೆಣ್ಣುಮಕ್ಕಳಿಗೆ ಹೋಗೋಕೆ ಬೇರೆ ಗಾಡಿ ಇಲ್ಲ. “ಹತ್ತಬ್ಯಾಡ್ರಿ” ಅಂತ ಭಾಷಣ ಮಾಡಿದರೆ ಅವರ ಕೂಲಿ ತಪ್ಪುತ್ತದೆ, ಅಷ್ಟೇ. ಬ್ರೇಕ್ ಬರಬೇಕಾದದ್ದು ಟ್ರೇಲರಿಗೆ. ಅದು ಬರೋ ದಾರಿ ಯಾವುದು ಅಂತ ಯೋಚಿಸುವಾಗ ನನಗೆ ಕಣಗಿನಹಾಳ ನೆನಪಾಗುತ್ತದೆ. ಗದಗದ ಮಗ್ಗುಲಲ್ಲೇ ಇರುವ ಆ ಹಳ್ಳಿಯಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಇವತ್ತು ನಮ್ಮ ಕಡೆ ಟ್ರ್ಯಾಕ್ಟರ್, ಟ್ರೇಲರ್ ಹೆಚ್ಚಾಗಿ ಬರೋದು ಸಾಲದ ಮೇಲೇ, ಸಹಕಾರ ಸಂಘದ್ದೋ ಬ್ಯಾಂಕಿನದ್ದೋ. ಸಾಲ ಕೊಡೋರು ಪಹಣಿ ಕೇಳ್ತಾರೆ, ಜಾಮೀನು ಕೇಳ್ತಾರೆ, ವಿಮೆ ಕೇಳ್ತಾರೆ. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸೋಕೆ ಹೊಸ ಕಾಯ್ದೆ ಬೇಕಿಲ್ಲ: ಟ್ರೇಲರಿಗೆ ಅದರದೇ ಬ್ರೇಕು, ಹಿಂದೆ ಉರಿಯೋ ದೀಪ ಇದ್ದರೆ ಮಾತ್ರ ಹಣ. ಇಂಗ್ಲೆಂಡಿನ ರೈಲು ಕಂಪನಿಗಳು ಖರ್ಚು ಅಂತ ಮುಂದೂಡಿದ್ದನ್ನ 80 ಜೀವ ಹೋದ ಮೇಲೆ ಮಾಡಿದವು. ಸಾಲದ ಪತ್ರದಲ್ಲಿ ಒಂದು ಸಾಲು ಬರೆಯೋಕೆ ನಾವು ಅಷ್ಟು ಕಾಯಬೇಕಿಲ್ಲ.